ಕ್ಯಾಬಿನ್‌ಗಳನ್ನು ಬಿಟ್ಟೇಬಿಟ್ಟಿರಲ್ಲ!

ನಾರ್ವೆ ಅಂದ್ರೆ ಫಿಯೋರ್ಡ್ (ಕಡಿದಾದ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ಚಾಚು) ದೋಣಿ, ದುಬಾರಿ ಹೋಟೆಲ್ ಅಷ್ಟೇ ಅನ್ನುವ ಹಾಗಿದೆ ನಿಮ್ಮ ನಾರ್ವೆ ಪ್ರವಾಸದ ಲೇಖನ. ಚಾರಣಿಗರು ರಾತ್ರಿ ತಂಗುವ ಬೆಟ್ಟದ ಮನೆಗಳು, ಅಂದ್ರೆ ಕ್ಯಾಬಿನ್‌ಗಳ ಮಾತೇ ಇಲ್ಲ. 1868ರಲ್ಲಿ ಶುರುವಾದ ಅಲ್ಲಿನ ಚಾರಣ ಸಂಘ ಡಿಎನ್‌ಟಿಗೆ ಈಗ 500ಕ್ಕೂ ಹೆಚ್ಚು ಕ್ಯಾಬಿನ್‌ಗಳಿವೆ. ಎಷ್ಟೋ ಕಡೆ ನೋಡಿಕೊಳ್ಳುವವರೇ ಇರುವುದಿಲ್ಲ. ಸದಸ್ಯರಾದರೆ ಒಂದು ಕೀಲಿ ಸಿಗುತ್ತದೆ, ಬೀಗ ಹಾಕಿದ ಹೆಚ್ಚಿನ ಕ್ಯಾಬಿನ್‌ಗಳಿಗೆ ಅದೊಂದೇ ಸಾಕು. ಕೆಲವು ಕಡೆ ಕಪಾಟಿನಲ್ಲಿ ದಿನಸಿಯೂ ಇರುತ್ತದೆ. ತಿಂದದ್ದನ್ನು ನಾವೇ ಲೆಕ್ಕ ಹಾಕಿ ದುಡ್ಡು ಕಟ್ಟಬೇಕು, ಯಾರೂ ಕೇಳುವುದಿಲ್ಲ! ಸೌದೆ ಒಡೆಯುವುದು, ನೀರು ತರುವುದು, ಹೊರಡುವಾಗ ಕಸ ಗುಡಿಸುವುದು ಎಲ್ಲ ನಮ್ಮದೇ ಕೆಲಸ. ದಾರಿಗೆ ಕಲ್ಲುಗಳ ಮೇಲೆ ಬರೆದ ಕೆಂಪು 'ಟಿ' ಗುರುತೇ ಆಸರೆ. ಹೋಗುವವರಿಗೆ ಒಂದು ಮಾತು: ಜೂನ್ ಅಂದ್ರೆ ಬೇಸಿಗೆ ಅಂತ ಸುಮ್ನೆ ನಂಬಬೇಡಿ. ಎತ್ತರದ ದಾರಿಗಳಲ್ಲಿ ಆಗಲೂ ಹಿಮ ಇರುತ್ತದೆ.