ಸಹಿ ಹಾಕದ ಮೂವರಿಗೂ ಅಲ್ಲಿ ಜಾಗವಿದೆ

ಫಿಲಡೆಲ್ಫಿಯಾದ ನ್ಯಾಷನಲ್ ಕಾನ್‌ಸ್ಟಿಟ್ಯೂಷನ್ ಸೆಂಟರ್‌ನಲ್ಲಿ ‘ಸೈನರ್ಸ್ ಹಾಲ್’ ಎಂಬ ಸಭಾಂಗಣವಿದೆ. ಅಮೆರಿಕದ ಸಂವಿಧಾನಕ್ಕೆ 1787ರ ಸೆಪ್ಟೆಂಬರ್ 17ರಂದು ಸಹಿ ಬಿದ್ದ ಸಂದರ್ಭವನ್ನು ಆಳೆತ್ತರದ ಕಂಚಿನ ಪ್ರತಿಮೆಗಳ ಮೂಲಕ ಅಲ್ಲಿ ತೋರಿಸಿದ್ದಾರೆ. ಸಹಿ ಹಾಕಿದವರು 39 ಮಂದಿ, ಆದರೆ ಪ್ರತಿಮೆಗಳು 42. ಹೆಚ್ಚಿನ ಮೂರು ಪ್ರತಿಮೆಗಳು ವರ್ಜೀನಿಯಾದ ಜಾರ್ಜ್ ಮೇಸನ್ ಮತ್ತು ಎಡ್ಮಂಡ್ ರಾಂಡಾಲ್ಫ್, ಮ್ಯಾಸಚೂಸೆಟ್ಸ್‌ನ ಎಲ್‌ಬ್ರಿಜ್ ಗೆರಿ ಅವರದು. ಇವರು ಮೂವರೂ ಸಂವಿಧಾನ ರಚಿಸಿದ ಸಭೆಯಲ್ಲಿ ಕೊನೆಯವರೆಗೂ ಇದ್ದು, ಕರಡಿನ ಪ್ರತಿಯೊಂದು ವಿಧಿಯ ಚರ್ಚೆಯಲ್ಲಿ ಬೆವರು ಸುರಿಸಿ, ಕಡೆಗೆ ಸಹಿ ಹಾಕುವುದಿಲ್ಲ ಎಂದವರು. ಇವರನ್ನು ಹೊರಗಿಡದೆ ಉಳಿದವರ ನಡುವೆಯೇ, ಅದೇ ನೆಲದ ಮೇಲೆ, ಅದೇ ಎತ್ತರದಲ್ಲಿ ನಿಲ್ಲಿಸಿದ್ದು ಆ ಸಂಗ್ರಹಾಲಯ ಮಾಡಿರುವ ಅತ್ಯಂತ ವಿವೇಕದ ಕೆಲಸ ಎಂದು ನಾನು ನಂಬುತ್ತೇನೆ.

ಏಕೆಂದರೆ ಅವರ ಆಕ್ಷೇಪಣೆ ಹಟಮಾರಿತನದ್ದಾಗಿರಲಿಲ್ಲ. ನಾಗರಿಕರ ಹಕ್ಕುಗಳ ಘೋಷಣೆಯೊಂದನ್ನು ಸಂವಿಧಾನಕ್ಕೆ ಸೇರಿಸಬೇಕೆಂದು ಮೇಸನ್ ಮತ್ತು ಗೆರಿ ಸಭೆಯ ಕೊನೆಯ ವಾರದಲ್ಲಿ ಕೇಳಿದಾಗ, ಹಾಜರಿದ್ದ ರಾಜ್ಯಗಳಲ್ಲಿ ಒಂದೂ ಅವರ ಪರವಾಗಿ ಮತ ಹಾಕಲಿಲ್ಲ. ಆದರೆ ರಾಜ್ಯಗಳು ಸಂವಿಧಾನವನ್ನು ಅನುಮೋದಿಸುವ ಹಂತದಲ್ಲಿ ಅದೇ ಪ್ರಶ್ನೆ ಊರೂರಲ್ಲೂ ಎದ್ದಿತು, ಮತ್ತು 1791ರಲ್ಲಿ ಮೊದಲ ಹತ್ತು ತಿದ್ದುಪಡಿಗಳು ‘ಬಿಲ್ ಆಫ್ ರೈಟ್ಸ್’ ಎಂಬ ಹೆಸರಿನಲ್ಲಿ ಜಾರಿಗೆ ಬಂದವು. ವಾಕ್ ಸ್ವಾತಂತ್ರ್ಯ, ಧಾರ್ಮಿಕ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ ಎಂದು ಜಗತ್ತೆಲ್ಲ ಅಮೆರಿಕದ ಸಂವಿಧಾನದ ಬಗ್ಗೆ ಯಾವುದನ್ನು ಹೊಗಳುತ್ತದೆಯೋ ಅದರಲ್ಲಿ ಬಹುಪಾಲು, ಸಹಿ ಹಾಕದವರ ಒತ್ತಾಯದಿಂದ ಬಂದದ್ದು.

ನ್ಯೂಜೆರ್ಸಿಯಲ್ಲಿ ನೆಲೆಸಿರುವ ತಂಗಿಯ ಕುಟುಂಬದ ಜೊತೆ ನಾನು ಅಲ್ಲಿಗೆ ಹೋಗಿದ್ದೆ. 2003ರ ಜುಲೈ 4ರಂದು ತೆರೆದ ಈ ಸಂಗ್ರಹಾಲಯದಲ್ಲಿ ಮುಟ್ಟಿ, ಒತ್ತಿ, ಆಡಿ ತಿಳಿಯುವ ವ್ಯವಸ್ಥೆಗಳು ಹಲವಿವೆ. ದೊಡ್ಡ ಪರದೆಯ ಮುಂದೆ ಕೈ ಎತ್ತಿ ಅಧ್ಯಕ್ಷರ ಪ್ರಮಾಣವಚನ ಓದಬಹುದು, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯ ಕಪ್ಪು ನಿಲುವಂಗಿ ತೊಡಬಹುದು. ಎಲ್ಲಕ್ಕೂ ಮೊದಲು ‘ಫ್ರೀಡಂ ರೈಸಿಂಗ್’ ಎಂಬ ಹದಿನೇಳು ನಿಮಿಷಗಳ ಪ್ರದರ್ಶನವಿದ್ದು, ವೃತ್ತಾಕಾರದ ರಂಗಮಂದಿರದ ನಡುವೆ ಒಬ್ಬ ಕಲಾವಿದರು ನಿಂತು ಸುತ್ತಲೂ ಮೂಡುವ ಚಿತ್ರಗಳೊಂದಿಗೆ ಕಥೆ ಹೇಳುತ್ತಾರೆ. ತಂಗಿಗೆ ಅದು ಬಹಳ ಹಿಡಿಸಿತು. ಕಲಾವಿದರ ಕಂಠ, ಬೆಳಕು ಎಲ್ಲವೂ ಚೆನ್ನಾಗಿದ್ದವು ಎಂಬುದನ್ನು ನಾನೂ ಒಪ್ಪುತ್ತೇನೆ; ಆದರೆ ಅಷ್ಟು ಕಡಿಮೆ ಹೊತ್ತಿನಲ್ಲಿ ಇನ್ನೂರು ವರ್ಷಗಳನ್ನು ದಾಟುವಾಗ ಎಲ್ಲ ಹೋರಾಟವೂ ಗೆಲುವಿನ ಕಡೆಗೇ ಸಾಗಿತು ಎಂಬ ಭಾವನೆ ಹುಟ್ಟುವುದು ನನಗೆ ಸರಿ ಕಾಣಲಿಲ್ಲ.

ಆ ಕೊರತೆಯನ್ನು ತುಂಬುವುದು, ಅಂತರ್ಯುದ್ಧ ಮತ್ತು ಅದರ ನಂತರದ ಪುನರ್ನಿರ್ಮಾಣದ ಕಾಲವನ್ನು ಕುರಿತು 2019ರಲ್ಲಿ ತೆರೆದ ವಿಭಾಗ. 1787ರ ಮೂಲ ಪಠ್ಯದಲ್ಲಿ ಗುಲಾಮಗಿರಿ ಎಂಬ ಪದವೇ ಇರಲಿಲ್ಲ, ಆದರೆ ವ್ಯವಸ್ಥೆ ಪೂರ್ತಿಯಾಗಿ ಇತ್ತು: ಪ್ರತಿನಿಧಿಗಳ ಸಂಖ್ಯೆಯನ್ನು ನಿರ್ಧರಿಸುವಾಗ ಗುಲಾಮರನ್ನು ಐದರಲ್ಲಿ ಮೂರು ಭಾಗವಾಗಿ ಎಣಿಸಬೇಕಿತ್ತು, ಗುಲಾಮರ ಆಮದನ್ನು 1808ರವರೆಗೆ ನಿಷೇಧಿಸುವಂತಿರಲಿಲ್ಲ, ತಪ್ಪಿಸಿಕೊಂಡವರನ್ನು ಒಡೆಯನಿಗೆ ಒಪ್ಪಿಸಬೇಕಿತ್ತು. ಇದನ್ನು ಅಳಿಸಲು ಲಕ್ಷಾಂತರ ಸೈನಿಕರ ಸಾವು ಮತ್ತು ಮೂರು ತಿದ್ದುಪಡಿಗಳು ಬೇಕಾದವು. ಗುಲಾಮಗಿರಿಯನ್ನು ರದ್ದು ಮಾಡಿದ 13ನೆಯದು 1865ರಲ್ಲಿ, ಪೌರತ್ವ ಮತ್ತು ಸಮಾನ ರಕ್ಷಣೆಯ 14ನೆಯದು 1868ರಲ್ಲಿ, ಜನಾಂಗದ ಕಾರಣಕ್ಕೆ ಮತದ ಹಕ್ಕನ್ನು ನಿರಾಕರಿಸಬಾರದೆಂಬ 15ನೆಯದು 1870ರಲ್ಲಿ ಬಂದವು. ಅಷ್ಟಾದರೂ ದಕ್ಷಿಣದ ರಾಜ್ಯಗಳು ಕಪ್ಪು ಜನರ ಮತದ ಹಕ್ಕನ್ನು ಮತ್ತೆ ಕಿತ್ತುಕೊಂಡವು.

ಈ 14ನೆಯ ತಿದ್ದುಪಡಿಯ ಮುಂದೆ ನಾನು ಹೆಚ್ಚು ಹೊತ್ತು ನಿಂತೆ. ಅಮೆರಿಕದಲ್ಲಿ ಹುಟ್ಟಿದವರು ಅಲ್ಲಿನ ಪೌರರು ಎಂಬ ಅದರ ಮೊದಲ ವಾಕ್ಯ, ಗುಲಾಮರಾಗಿದ್ದವರ ಮಕ್ಕಳಿಗಾಗಿ ಬರೆದದ್ದು. ಚೀನೀ ತಂದೆತಾಯಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್ ಅವರಿಗೂ ಅದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1898ರಲ್ಲಿ ತೀರ್ಪು ನೀಡಿತು. ಅದೇ ನ್ಯಾಯಾಲಯ 1923ರಲ್ಲಿ, ಅಮೆರಿಕದ ಸೇನೆಯಲ್ಲಿ ದುಡಿದಿದ್ದ ಭಗತ್ ಸಿಂಗ್ ಥಿಂಡ್ ಅವರು ಭಾರತೀಯರಾದ್ದರಿಂದ ‘ಬಿಳಿಯ’ರಲ್ಲವೆಂದೂ ಹಾಗಾಗಿ ಪೌರತ್ವ ಪಡೆಯಲು ಅರ್ಹರಲ್ಲವೆಂದೂ ಹೇಳಿತು, ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರ ಕಾಯ್ದೆಯಿಂದ. ನನ್ನ ತಂಗಿಯ ಮಕ್ಕಳು, ಅಲ್ಲಿ ಹುಟ್ಟಿದ ಇನ್ನೆಷ್ಟೋ ಕನ್ನಡದ ಮಕ್ಕಳು, ಕಪ್ಪು ಜನರ ಹೋರಾಟದಿಂದ ಬಂದ ಒಂದು ವಾಕ್ಯದ ಬಲದಿಂದ ಪೌರರಾಗಿದ್ದಾರೆ. ನಮ್ಮವರು ಈ ಋಣವನ್ನು ಸಾಕಷ್ಟು ನೆನೆಯುವುದಿಲ್ಲ ಎಂಬ ಬೇಸರ ನನಗಿದೆ.

ಅಲ್ಲಿಗೆ ಹೋಗುವವರು ಸ್ವಲ್ಪ ದೂರ ನಡೆದು, ಲಿಬರ್ಟಿ ಬೆಲ್ ಎಂಬ ಐತಿಹಾಸಿಕ ಗಂಟೆಯ ಪಕ್ಕದಲ್ಲೇ ಇರುವ ‘ಪ್ರೆಸಿಡೆಂಟ್ಸ್ ಹೌಸ್’ ನಿವೇಶನವನ್ನೂ ನೋಡಬೇಕು. ಅಧ್ಯಕ್ಷರಾಗಿ ವಾಷಿಂಗ್ಟನ್ ವಾಸಿಸಿದ್ದ ಆ ಮನೆಯಲ್ಲಿ ದುಡಿದ ಒಂಬತ್ತು ಗುಲಾಮರ ಹೆಸರುಗಳನ್ನು ಅಲ್ಲಿನ ಗೋಡೆಯ ಮೇಲೆ ಕೆತ್ತಲಾಗಿದೆ. ಆರು ತಿಂಗಳು ಪೆನ್ಸಿಲ್ವೇನಿಯಾ ರಾಜ್ಯದಲ್ಲಿದ್ದರೆ ಗುಲಾಮರು ಬಿಡುಗಡೆ ಕೇಳಬಹುದಿತ್ತು. ಅದನ್ನು ತಪ್ಪಿಸಲು ವಾಷಿಂಗ್ಟನ್ ತಮ್ಮ ಗುಲಾಮರನ್ನು ಆಗಾಗ ಗಡಿಯಾಚೆ ಕಳುಹಿಸುತ್ತಿದ್ದರು. ಒಬ್ಬಳು, ಓನಾ ಜಡ್ಜ್, 1796ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ನ್ಯೂ ಹ್ಯಾಂಪ್‌ಶೈರ್ ಸೇರಿದಳು. ಮತ್ತೆ ಅವರ ಕೈಗೆ ಸಿಗಲೇ ಇಲ್ಲ.

ಫಿಲಡೆಲ್ಫಿಯಾದ ಸಭೆ ಬಾಗಿಲು, ಕಿಟಕಿ ಮುಚ್ಚಿಕೊಂಡು ಗುಟ್ಟಾಗಿ ನಡೆಯಿತು. ಆ ಸಭೆಯ ಪ್ರತಿನಿಧಿಯಾಗಿದ್ದ ಜೇಮ್ಸ್ ಮ್ಯಾಡಿಸನ್ ಬರೆದಿಟ್ಟ ಟಿಪ್ಪಣಿಗಳು ಅಚ್ಚಾದದ್ದು 1840ರಲ್ಲಿ. ನಮ್ಮ ಸಂವಿಧಾನ ರಚನಾ ಸಭೆಯ ಚರ್ಚೆಗಳಾದರೋ ಸಂಪುಟ ಸಂಪುಟಗಳಾಗಿ ಎಲ್ಲರಿಗೂ ಲಭ್ಯವಿವೆ, ಮತ್ತು ಅವುಗಳಲ್ಲಿ ಭಿನ್ನಮತ ಧಾರಾಳವಾಗಿದೆ. 1949ರ ನವೆಂಬರ್‌ನಲ್ಲಿ ಕೆಂಗಲ್ ಹನುಮಂತಯ್ಯನವರು ಅದೇ ಸಭೆಯಲ್ಲಿ ಎದ್ದು ನಿಂತು, ವೀಣೆಯ ಅಥವಾ ಸಿತಾರಿನ ಸಂಗೀತ ಬಯಸಿದ್ದ ನಮಗೆ ದೊರೆತಿರುವುದು ಇಂಗ್ಲಿಷ್ ಬ್ಯಾಂಡಿನ ಸಂಗೀತ ಎಂಬ ಅರ್ಥದ ಮಾತನ್ನು ಹೇಳಿದ್ದರು. ನಮ್ಮ ಪರಂಪರೆಯ ಬದಲು ಹೊರಗಿನ ಮಾದರಿ ಬಂದಿದೆ ಎಂಬ ಅವರ ಅಭಿಪ್ರಾಯವನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ, ಏಕೆಂದರೆ ಹಳ್ಳಿಯ ಪರಂಪರೆಗಿಂತ ವ್ಯಕ್ತಿಯ ಹಕ್ಕಿಗೆ ಹೆಚ್ಚು ಬೆಲೆ ಕೊಟ್ಟ ಡಾ. ಅಂಬೇಡ್ಕರರ ನಿಲುವೇ ಸರಿಯೆಂದು ನನಗೆ ಅನ್ನಿಸುತ್ತದೆ. ಆದರೂ ಬೆಂಗಳೂರಿನಲ್ಲಿ ಸಂವಿಧಾನದ ಬಗ್ಗೆ ಯಾವುದೇ ಶಾಶ್ವತ ಪ್ರದರ್ಶನವನ್ನು ಮಾಡುವುದಾದರೆ ಪೀಠಿಕೆಯ ದೊಡ್ಡ ಫಲಕದ ಜೊತೆಗೆ ಆ ಭಾಷಣವೂ ಇರಬೇಕು, ವಿಧಾನಸೌಧ ಕಟ್ಟಿಸಿದ ವ್ಯಕ್ತಿ ಸಂವಿಧಾನದ ಬಗ್ಗೆ ಎತ್ತಿದ ತಕರಾರು ಏನೆಂದು ಶಾಲಾ ಮಕ್ಕಳು ಅಲ್ಲಿ ಓದುವಂತಾಗಬೇಕು, ಮತ್ತು ಅದರ ಪಕ್ಕದಲ್ಲೇ ಅಂಬೇಡ್ಕರರ ಉತ್ತರವೂ ಇರಬೇಕು.