ಕಂಪನಿ ವೈರ್ ಸುಲಿಯುವ ಮುಂಚೆ ಫ್ಯೂಸ್ ಬಾಕ್ಸ್ ಮುಚ್ಚಳ ತೆಗೆಯಿರಿ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಕಾರು ಇರುವವರು ದಯವಿಟ್ಟು ಪೂರ್ತಿ ಓದಿ.

ಅಕ್ಕ-ಭಾವ ಹೊಸ ಕಾರು ತಗೊಂಡಿದ್ದು ನಿಮಗೆಲ್ಲ ಗೊತ್ತು. ಮಳೆಗಾಲದಲ್ಲಿ ಶಿರಾಡಿ ಇಳಿಯುವಾಗ ಮಂಜು ಜಾಸ್ತಿ ಅಂತ ಭಾವ ಹಳದಿ ಫಾಗ್ ಲ್ಯಾಂಪ್ ಹಾಕಿಸಿದ್ದಾರೆ. ಜೊತೆಗೆ ರಸ್ತೆ ರೆಕಾರ್ಡ್ ಮಾಡುವ ಒಂದು ಡ್ಯಾಶ್‌ಕ್ಯಾಮ್. ಇವತ್ತು ಬೆಳಿಗ್ಗೆ ಮನೆಗೆ ಬಂದವರು "ಲೈಟ್ ಹೆಂಗಿದೆ ನೋಡೋ" ಅಂದರು. ನಾನು ಬಾನೆಟ್ ಎತ್ತಿದೆ.

ಹೆಡ್‌ಲೈಟ್ ಹಿಂದೆ ಕಂಪನಿಯ ವೈರಿಂಗ್ ಕಟ್ಟು ಇರುತ್ತದಲ್ಲ, ಅದರ ಮೇಲಿನ ಸುಕ್ಕು ಪೈಪನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದ್ದಾರೆ. ಒಳಗಿನ ಒಂದು ವೈರನ್ನು ಅರ್ಧ ಇಂಚು ಸುಲಿದು, ಬರೀ ತಾಮ್ರಕ್ಕೆ ಇನ್ನೊಂದು ವೈರ್ ಸುತ್ತಿ, ಮೇಲೆ ಕಪ್ಪು ಟೇಪ್ ಹಾಕಿದ್ದಾರೆ. ಎಂಜಿನ್ ಬಿಸಿಗೆ ಟೇಪಿನ ಅಂಟು ಕರಗಿ ತುದಿ ಆಗಲೇ ಬಿಟ್ಟುಕೊಂಡಿತ್ತು. ಬ್ಯಾಟರಿ ಪ್ಲಸ್‌ನಿಂದ ಬಂದ ಕೆಂಪು ವೈರಿಗೆ ಫ್ಯೂಸೇ ಇಲ್ಲ. ಆ ವೈರು ರೇಡಿಯೇಟರ್ ಮೇಲಿನ ತಗಡಿನ ಅಂಚಿಗೆ ಉಜ್ಜಿಕೊಂಡು ಹೋಗಿದೆ. ಅದರ ಮೈ ಸವೆದು ತಗಡಿಗೆ ತಾಗಿದ ದಿನ ಬ್ಯಾಟರಿಯ ಶಕ್ತಿಯೆಲ್ಲ ಒಂದೇ ಸಲ ಆ ತೆಳು ವೈರಿನಲ್ಲಿ ಹರಿಯುತ್ತದೆ. ಕಡಿದು ಹಾಕಲು ಫ್ಯೂಸ್ ಇಲ್ಲದ ಮೇಲೆ ವೈರೇ ಕೆಂಡ ಆಗುತ್ತದೆ. ಅಕ್ಕ ಇಬ್ಬರು ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಓಡಾಡುವ ಕಾರು ಅದು.

ಅಂಗಡಿಗೆ ಫೋನ್ ಮಾಡಿದೆ. "ಸಾರ್, ಕೀ ಆನ್ ಸಪ್ಲೈ ಅಲ್ಲೇ ಸಿಕ್ತು, ಅಲ್ಲೇ ಹೊಡೆದ್ವಿ. ಎಲ್ಲಾ ಗಾಡಿಗೂ ಹಿಂಗೇ ಸಾರ್, ಏನೂ ಆಗಲ್ಲ" ಅಂದರು. ಎಲ್ಲಾ ಗಾಡಿಗೂ ಹಿಂಗೇ ಅನ್ನುವುದೇ ನನ್ನ ಭಯ.

ಕೀ ಹಾಕಿದಾಗ ಮಾತ್ರ ಬರುವ, ಕೀ ತೆಗೆದರೆ ಹೋಗುವ ಸಪ್ಲೈ ಬೇಕು ಅನ್ನುವುದು ಸರಿಯೇ. ಲೈಟು, ಕ್ಯಾಮೆರಾ, ಏನೇ ಹಾಕಿದರೂ ಅದು ಬೇಕು. ಆದರೆ ಅದನ್ನು ಕಂಪನಿ ವೈರ್ ಸುಲಿದು ಹುಡುಕಬೇಕಾಗಿಲ್ಲ. ಬಾನೆಟ್ ಕೆಳಗೆ, ಸಾಮಾನ್ಯವಾಗಿ ಬ್ಯಾಟರಿ ಪಕ್ಕದಲ್ಲೇ ಒಂದು ಕಪ್ಪು ಡಬ್ಬಿ ಇರುತ್ತದೆ, ಅದೇ ಫ್ಯೂಸ್ ಬಾಕ್ಸ್. ಅದರ ಮುಚ್ಚಳ ತೆಗೆದು ತಿರುಗಿಸಿದರೆ ಯಾವ ಫ್ಯೂಸ್ ಯಾವುದಕ್ಕೆ ಅಂತ ಸಾಮಾನ್ಯವಾಗಿ ಅಲ್ಲೇ ಚಿತ್ರ ಇರುತ್ತದೆ, ಇಲ್ಲದಿದ್ದರೆ ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಕಪ್ಪು ಕಡ್ಡಿ ಬ್ಯಾಟರಿ ಮೈನಸ್‌ಗೆ. ಕಾರಿನ ಪೇಂಟ್ ಬಳಿದ ಮೈಗೆ ಇಟ್ಟರೆ ಸುಳ್ಳು ಲೆಕ್ಕ ತೋರಿಸುತ್ತದೆ. ಪ್ರತಿ ಫ್ಯೂಸಿನ ನೆತ್ತಿಯಲ್ಲಿ ಎರಡು ಸಣ್ಣ ಲೋಹದ ಚುಕ್ಕೆ ಕಾಣುತ್ತವೆ, ಕೆಂಪು ಕಡ್ಡಿ ಅಲ್ಲಿಗೆ. ಕೀ ತೆಗೆದಿದ್ದಾಗಲೂ 12.6 ಆಸುಪಾಸು ತೋರಿಸಿದರೆ ಅದು ಡೈರೆಕ್ಟ್ ಸಪ್ಲೈ. ಕೀ ತೆಗೆದಾಗ ಸೊನ್ನೆ, ಹಾಕಿದಾಗ 12 ದಾಟಿದರೆ ನಿಮಗೆ ಬೇಕಾದ್ದು ಸಿಕ್ಕಿತು.

ಇಲ್ಲಿ ಅವಸರ ಬೇಡ. ಈಗಿನ ಕಾರುಗಳಲ್ಲಿ ಕೀ ತೆಗೆದ ಮೇಲೂ ಕೆಲವು ಲೈನುಗಳು ಸ್ವಲ್ಪ ಹೊತ್ತು ಜೀವಂತ ಇರುತ್ತವೆ. ಕಾರಿನ ಕಂಪ್ಯೂಟರ್ ನಿದ್ದೆಗೆ ಹೋಗುವವರೆಗೆ ಕಾದು, ಡೋರ್ ಲಾಕ್ ಮಾಡಿ, ಮತ್ತೊಮ್ಮೆ ನೋಡಬೇಕು. ಏರ್‌ಬ್ಯಾಗ್, ಎಬಿಎಸ್ (ಬ್ರೇಕಿನದ್ದು), ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಫ್ಯುಯೆಲ್ ಪಂಪ್ ಫ್ಯೂಸುಗಳ ತಂಟೆಗೆ ಹೋಗಲೇಬಾರದು. ವೈಪರ್, 12 ವೋಲ್ಟ್ ಸಾಕೆಟ್ ಥರದ್ದು ಸಿಕ್ಕರೆ ಒಳ್ಳೆಯದು. ಬಾನೆಟ್ ಕೆಳಗಿನ ಡಬ್ಬಿಯಲ್ಲಿ ಕೀ ಲೈನ್ ಸಿಗದ ಕಾರುಗಳೂ ಇವೆ. ಆಗ ಡ್ಯಾಶ್‌ಬೋರ್ಡ್ ಕೆಳಗಿನ ಡಬ್ಬಿಯಿಂದ ಒಂದು ಸಣ್ಣ ವೈರನ್ನು ವೈರ್ ಹೋಗುವ ತೂತಿಗೆ ಹಾಕಿರುವ ರಬ್ಬರ್ ಗ್ರಾಮೆಟ್ ಮೂಲಕ ಹೊರಗೆ ತರಬಹುದು. ಅದಕ್ಕೂ ಏನನ್ನೂ ಕತ್ತರಿಸಬೇಕಾಗಿಲ್ಲ.

ಲೈನ್ ಸಿಕ್ಕ ಮೇಲೆ ಬೇಕಾಗಿರುವುದು ಫ್ಯೂಸ್ ಟ್ಯಾಪ್ ಅನ್ನುವ ಪುಟ್ಟ ಸಾಮಾನು. ಒಂದು ಊಟದ ದುಡ್ಡಿಗೆ ಸಿಗುತ್ತದೆ. ಹಳೇ ಫ್ಯೂಸ್ ಕಿತ್ತು ಇದನ್ನು ಚುಚ್ಚಿದರೆ ಹಳೆಯದಕ್ಕೂ ಜಾಗ, ಹೊಸದಕ್ಕೂ ಬೇರೆ ಫ್ಯೂಸ್. ನಾಳೆ ಬೇಡ ಅಂದರೆ ಕಿತ್ತಿಡಿ, ಕಾರು ಶೋರೂಮಿನಿಂದ ಬಂದ ಹಾಗೇ ಇರುತ್ತದೆ. ಸರಿಯಾದ ಅಳತೆಯದ್ದು ತರಬೇಕು, ಮಿನಿ ಇರುವ ಕಡೆ ಮೈಕ್ರೋ ಕೂರುವುದಿಲ್ಲ. ಟ್ಯಾಪಿನಲ್ಲಿ ಎರಡೂ ಫ್ಯೂಸಿಗೆ ಸೇರಿದ ಕಾಲು ಸಪ್ಲೈ ಬರುವ ಬದಿಗೇ ಇರಬೇಕು. ತಿರುಗಿಸಿ ಚುಚ್ಚಿದರೆ ಹೊಸ ಲೋಡು ಹಳೇ ಫ್ಯೂಸಿನ ಮೂಲಕವೇ ಹೋಗುತ್ತದೆ.

ಈ ಲೈನಿನಿಂದ ನೇರವಾಗಿ ಲೈಟ್ ಉರಿಸಬೇಡಿ. 55 ವ್ಯಾಟಿನ ಹ್ಯಾಲೊಜನ್ ಎರಡು ಅಂದರೆ 110 ವ್ಯಾಟ್, ಸುಮಾರು 9 ಆಂಪಿಯರ್. ಅದಕ್ಕೇ ರಿಲೇ ಇರುವುದು, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್. ರಿಲೇ ಒಳಗಿನ ಕಾಯಿಲ್ (ತಂತಿ ಸುರುಳಿ) ಎಳೆಯುವುದು ಸುಮಾರು 0.15 ಆಂಪಿಯರ್ ಅಷ್ಟೇ. ರಿಲೇಯ ಪಿನ್ನುಗಳಿಗೆ ನಂಬರ್ ಇರುತ್ತದೆ: ಕೀ ಲೈನಿನಿಂದ ಆ ಚೂರು ಕರೆಂಟ್ ಸ್ವಿಚ್ ದಾಟಿ 86ಕ್ಕೆ, 85 ಬ್ಯಾಟರಿ ಮೈನಸ್ ಕಡೆಗೆ, ಬ್ಯಾಟರಿಯಿಂದ ಬಂದ ದಪ್ಪ ವೈರ್ 30ಕ್ಕೆ, 87ರಿಂದ ಲೈಟಿಗೆ. ಬ್ಯಾಟರಿಯಿಂದ ಒಂದು ಗೇಣಿನೊಳಗೆ 15 ಆಂಪಿಯರ್‌ನ ನೀಲಿ ಫ್ಯೂಸ್. ಇನ್ನೊಂದು ಮಾತು: ರಿಲೇ ಆಫ್ ಆಗುವ ಕ್ಷಣದಲ್ಲಿ ಕಾಯಿಲ್‌ನಿಂದ ಉಲ್ಟಾ ಏಟು ಬರುತ್ತದೆ, ತಡೆ ಇಲ್ಲದಿದ್ದರೆ ನೂರಾರು ವೋಲ್ಟ್. ಯಾವುದೋ ಸೆನ್ಸರಿನ ವೈರಿಗೆ ಆ ರಿಲೇ ಕಟ್ಟಿದ್ದರೆ ಏಟು ಬೀಳುವುದು ಇಸಿಯು ಮೇಲೆ. ಆ ಏಟು ತಡೆಯಲು ಒಳಗೇ ಡಯೋಡ್ ಅಥವಾ ರೆಸಿಸ್ಟರ್ ಇರುವ ರಿಲೇ ಕೇಳಿ ತಗೊಳ್ಳಿ.

ಡ್ಯಾಶ್‌ಕ್ಯಾಮ್ ಕಥೆ ಬೇರೆ. ಒಂದು ಡೈರೆಕ್ಟ್ ಸಪ್ಲೈಗೆ, ಇನ್ನೊಂದು ಕೀ ಲೈನಿಗೆ ಹೋಗಬೇಕಾದ ಅದರ ಹಳದಿ, ಕೆಂಪು ಎರಡೂ ವೈರನ್ನು ಡೈರೆಕ್ಟ್ ಸಪ್ಲೈಗೇ ಸೇರಿಸಿಬಿಟ್ಟಿದ್ದಾರೆ. ಕಾರು ನಿಂತಿದೆ ಅಂತ ಕ್ಯಾಮೆರಾಗೆ ಗೊತ್ತಾಗುವುದೇ ಇಲ್ಲ. 5 ವ್ಯಾಟ್ ಅಂದರೆ 0.4 ಆಂಪಿಯರ್, ದಿನಕ್ಕೆ 10 ಆಂಪಿಯರ್-ಅವರ್. ಸಣ್ಣ ಕಾರಿನ ಬ್ಯಾಟರಿ ಸುಮಾರು 35 ಆಂಪಿಯರ್-ಅವರ್. ಮದುವೆಗೆ ಅಂತ ಮೂರು ದಿನ ಊರಿಗೆ ಹೋಗಿ ಬಂದರೆ ಕಾರು ಸ್ಟಾರ್ಟ್ ಆಗುವುದಿಲ್ಲ, ಆಮೇಲೆ ಬ್ಯಾಟರಿ ಕಂಪನಿಯನ್ನು ಬೈಯುತ್ತೇವೆ.

"ಪಾಪ, ಅಂಗಡಿ ಹುಡುಗರಿಗೆ ದಿನಕ್ಕೆ ಇಷ್ಟು ಗಾಡಿ ಅಂತ ಲೆಕ್ಕ ಇರುತ್ತೆ, ಗಿರಾಕಿ ಐನೂರು ರೂಪಾಯಿಗೆ ಚೌಕಾಸಿ ಮಾಡ್ತಾನೆ" ಅಂತ ಭಾವನೇ ಅಂದರು. ನಿಜ, ಗಿರಾಕಿ ಚೌಕಾಸಿ ಮಾಡುತ್ತಾನೆ. ಆದರೆ ಪೈಪ್ ಸೀಳಿ, ವೈರ್ ಆರಿಸಿ, ಸುಲಿದು, ಸುತ್ತಿ, ಟೇಪ್ ಹಾಕುವ ಹೊತ್ತಿನಲ್ಲಿ ಮೀಟರ್ ಹಿಡಿದು ಇಡೀ ಡಬ್ಬಿ ನೋಡಿ ಮುಗಿಸಬಹುದು. ಸಮಯ ಉಳಿಯಿತು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆ ಹುಡುಗನ ಕೈಗೆ ಯಾರೂ ಮೀಟರ್ ಕೊಟ್ಟಿಲ್ಲ, ಹೇಳಿಕೊಟ್ಟಿಲ್ಲ. ಬ್ಲೇಡು ಕೊಟ್ಟಿದ್ದಾರೆ. ಅದು ಮಾಲೀಕರ ತಪ್ಪು.

ನನಗೆ ಇಷ್ಟೊಂದು ಯಾಕೆ ಉರಿಯುತ್ತದೆ ಅಂತ ಹಳೇ ಸ್ನೇಹಿತರಿಗೆ ಗೊತ್ತು. ಅಪ್ಪ ಆಟೋ ಎಲೆಕ್ಟ್ರಿಷಿಯನ್. ಬೆರಳೆಣಿಕೆಯ ಫ್ಯೂಸ್ ಇದ್ದ ಅಂಬಾಸಿಡರ್ ಕಾಲದವರು. ಆಗ ಯಾವ ವೈರ್ ಸುಲಿದರೂ ಕೇಳುವವರಿರಲಿಲ್ಲ, ಆದರೂ ಅಪ್ಪ ವೈರಿನ ತುದಿಗೆ ಥಿಂಬಲ್ (ಲೋಹದ ಟೋಪಿ) ಒತ್ತದೆ, ಸೋಲ್ಡರ್ ಹಾಕದೆ ಒಂದು ಜಾಯಿಂಟ್ ಬಿಟ್ಟವರಲ್ಲ. ಗಿರಾಕಿ ಎಷ್ಟೇ ಗೊಣಗಿದರೂ ಕಾಯಿಸುತ್ತಿದ್ದರು. ಇವತ್ತು ಬಾನೆಟ್ ಕೆಳಗಿನ ಆ ಟೇಪ್ ನೋಡಿದಾಗ ಅಪ್ಪನ ಕೆಲಸಕ್ಕೇ ಅವಮಾನ ಆದ ಹಾಗೆ ಅನ್ನಿಸಿತು. ಅವರು ಇಲ್ಲದೆ ಇರುವುದು ಈ ಥರದ ದಿನಗಳಲ್ಲಿ ಜಾಸ್ತಿ ನೋಯುತ್ತದೆ.

ವಾರಂಟಿ ವಿಷಯ ಸುಮ್ನೆ ಮರೆಯಬೇಡಿ. ಕಂಪನಿ ವೈರಿಂಗ್ ಕತ್ತರಿಸಿದ್ದು ಕಂಡರೆ ಎಲೆಕ್ಟ್ರಿಕಲ್ ಕ್ಲೇಮ್ ತಳ್ಳಿಹಾಕಲು ಸರ್ವಿಸ್ ಸೆಂಟರಿಗೆ ಅಷ್ಟು ಕಾರಣ ಸಾಕು. ಕಡಿಮೆ ಬೆಲೆಯ ಮಾಡೆಲ್‌ಗಳಲ್ಲೂ ಕೆಲವು ಸಲ ಫಾಗ್ ಲ್ಯಾಂಪಿನ ಕನೆಕ್ಟರ್ ಬಂಪರ್ ಹಿಂದೆ ಕಂಪನಿಯೇ ಬಿಟ್ಟಿರುತ್ತದೆ. ಮೊದಲು ಅದನ್ನು ನೋಡಿಸಿ.

ಲೈಟೋ ಹಾರ್ನೋ ಹಾಕಿಸಲು ಹೋದಾಗ ಕೀ ಕೊಡುವ ಮುಂಚೆ ಕೇಳಿ: ಕೀ ಲೈನ್ ಯಾವ ಫ್ಯೂಸಿನಿಂದ ತಗೊಳ್ತೀರಿ? ಬ್ಯಾಟರಿ ಹತ್ತಿರ ಎಷ್ಟು ಆಂಪಿಯರ್ ಫ್ಯೂಸ್ ಹಾಕ್ತೀರಿ? ರಿಲೇ ಎಲ್ಲಿ ಕೂರಿಸ್ತೀರಿ? "ಅದೆಲ್ಲ ನಾವು ನೋಡ್ಕೋತೀವಿ ಸಾರ್" ಅಂದರೆ ಅಲ್ಲಿ ಕೊಡಬೇಡಿ, ಇನ್ನೊಂದು ಅಂಗಡಿ ನೋಡಿ. ಮೀಟರ್ ಹಿಡಿದು ಕೆಲಸ ಮಾಡುವವರು ನಿಮ್ಮ ಊರಲ್ಲಿ ಇದ್ದರೆ ಕಾಮೆಂಟಿನಲ್ಲಿ ಊರಿನ ಹೆಸರು ಹಾಕಿ, ಅಂಗಡಿ ಹೆಸರು ಇನ್‌ಬಾಕ್ಸಿಗೆ ಕಳಿಸಿ. ಕೇಳಿದವರಿಗೆ ನಾನು ತಲುಪಿಸುತ್ತೇನೆ.