ಫ್ರೀ ಇನ್‌ಸ್ಪೆಕ್ಷನ್ ಅಂತೆ, ಮಣ್ಣಾಂಗಟ್ಟಿ!

ನಮ್ಮ ಬಾತ್‌ರೂಮ್ ಪಕ್ಕದ ನೆಲ ಜೋತು ಬಿದ್ದಿದೆ. ಬಾಗಿಲು ಚೌಕಟ್ಟಿಗೆ ಉಜ್ಜುತ್ತದೆ, ಬೀರು ವಾಲದಿರಲಿ ಅಂತ ಕೆಳಗೆ ರಟ್ಟು ತುರುಕಿದ್ದೇವೆ. ಅಮೆರಿಕದ ನಾರ್ತ್ ಕೆರೊಲೈನಾದ ಹಳೇ ಮನೆಗಳಲ್ಲಿ ಇದೇನು ಹೊಸದಲ್ಲ. ಮರದ ಜಂತಿಗಳ ಮೇಲೆ ಹಾಸಿದ ಹಲಗೆಯೇ ಇಲ್ಲಿ ನೆಲ. ಅದರ ಕೆಳಗೆ ತೆವಳುವಷ್ಟೇ ಜಾಗ, ಅದೇ ಕ್ರಾಲ್ ಸ್ಪೇಸ್. ಮರ ಅಂದಮೇಲೆ ಬಾಗುತ್ತದೆ, ಬಿಡಿ. ನನ್ನ ಕೋಪ ಇರುವುದು ನೆಲ ರಿಪೇರಿ ಮಾಡಿಕೊಡುತ್ತೇನೆ, 'ಫ್ರೀ ಇನ್‌ಸ್ಪೆಕ್ಷನ್' ಅಂತ ಬಂದ ಮಹಾಶಯನ ಮೇಲೆ.

ಕೆಳಗೆ ಇಳಿದವನು 10 ನಿಮಿಷಕ್ಕೇ ಮೇಲೆ ಬಂದ. ಪ್ಯಾಂಟಿನ ಮೊಣಕಾಲಿಗೆ ಒಂದು ಚೂರು ಮಣ್ಣಿಲ್ಲ! ಬೂಸ್ಟು ಹಿಡಿದ ಮರದ ಫೋಟೋ ತೋರಿಸಿದ. ಅದು ನಮ್ಮ ಮನೆಯದ್ದೋ ಬೇರೆ ಯಾರದ್ದೋ, ದೇವರಿಗೇ ಗೊತ್ತು. ಸಾಲಾಗಿ ಸ್ಟೀಲ್ ಜ್ಯಾಕ್ ನಿಲ್ಲಿಸಿ ಒಂದೇ ದಿನದಲ್ಲಿ ನೆಲ ಎತ್ತಿಕೊಡುತ್ತಾನಂತೆ. ರೇಟು ಕೇಳಿ ನನ್ನ ಹೆಂಡತಿ ಕುರ್ಚಿ ಹುಡುಕಿದಳು. ಇವತ್ತೇ ಸೈನ್ ಹಾಕಿದರೆ ಡಿಸ್ಕೌಂಟ್, ನಾಳೆಗೆ ಇಲ್ಲ. ಯಾಕಪ್ಪಾ, ನಾಳೆ ಜ್ಯಾಕ್ ಏನು ಚಿನ್ನದ್ದಾಗುತ್ತಾ? ಫೂಟಿಂಗ್, ಅಂದರೆ ಜ್ಯಾಕ್ ಕೆಳಗಿನ ಕಾಂಕ್ರೀಟ್ ಬುನಾದಿ, ಎಷ್ಟು ದಪ್ಪ ಹಾಕುತ್ತೀರಿ ಅಂತ ಕೇಳಿದರೆ 'ಲೈಫ್‌ಟೈಮ್ ವಾರಂಟಿ ಇದೆ ಸಾರ್' ಅನ್ನುವ ಧಾಟಿಯ ಉತ್ತರ. ಕೇಳಿದ್ದೇನು, ಹೇಳಿದ್ದೇನು! ಬರೀ ಮಣ್ಣಿನ ಮೇಲೆ ಬ್ಲಾಕ್ ಇಟ್ಟು ಜ್ಯಾಕ್ ತಿರುಗಿಸಿದರೆ ನೆಲ ಮೇಲೇಳುವುದಿಲ್ಲ, ಬ್ಲಾಕೇ ಮಣ್ಣೊಳಗೆ ಇಳಿಯುತ್ತದೆ.

ಕೊನೆಗೆ ದುಡ್ಡು ಕೊಟ್ಟು ಸ್ಟ್ರಕ್ಚರಲ್ ಇಂಜಿನಿಯರ್ ಕರೆಸಿದೆವು. ಅವರು ಹೊಟ್ಟೆ ಮೇಲೆ ತೆವಳಿಕೊಂಡು ಹೋಗಿ ಎಲ್ಲಾ ನೋಡಿ ಬಂದರು. ಟಾಯ್ಲೆಟ್ ಪೈಪ್ ಕೂರಿಸಲು ಹಿಂದೆ ಯಾವನೋ ಪ್ಲಂಬರ್ ಜಂತಿಯನ್ನು ನಟ್ಟನಡುವೆ, ಕೆಳಗಿನಿಂದ ಅರ್ಧಕ್ಕೆ ಕೊಯ್ದಿದ್ದಾನೆ! ಬಿಲ್ಡಿಂಗ್ ಕೋಡ್ ಪ್ರಕಾರ ಜಂತಿಯ ಉದ್ದದಲ್ಲಿ ಮಧ್ಯದ ಮೂರನೇ ಒಂದು ಭಾಗದಲ್ಲಿ ಕಚ್ಚು ಹಾಕುವ ಹಾಗೇ ಇಲ್ಲ. ಮೇಲಾಗಿ ಬೇಸಿಗೆಯ ಸೆಕೆಗಾಳಿ ಕ್ರಾಲ್ ಸ್ಪೇಸ್‌ನ ವೆಂಟ್‌ನಿಂದ (ಗಾಳಿಕಿಂಡಿ) ನುಗ್ಗಿ, ಎಸಿಗೆ ತಣ್ಣಗಾದ ಮರಕ್ಕೆ ತಾಗಿ ನೀರಾಗುತ್ತದೆ. ಇದು ಹೀಗೇ ಇದ್ದರೆ ಎಷ್ಟು ಜ್ಯಾಕ್ ಕೊಟ್ಟರೂ ಅದರ ಮೇಲಿನ ಮರ ಕೊಳೆಯುತ್ತಲೇ ಇರುತ್ತದೆ, ಅಲ್ವಾ? ಅದರ ಬಗ್ಗೆ ಆ ಆಸಾಮಿ ತುಟಿ ಪಿಟಕ್ ಅಂದಿರಲಿಲ್ಲ.

ಇಂಜಿನಿಯರ್ ಹೇಳಿದ್ದು ಇಷ್ಟೇ. ಮಣ್ಣಿನ ತೇವ ಮೇಲೇರದ ಹಾಗೆ ಅದರ ಮೇಲೆ ಪೂರ್ತಿ ಪ್ಲಾಸ್ಟಿಕ್ ಹಾಸಿ. ಸರಿಯಾದ ಕಾಂಕ್ರೀಟ್ ಫೂಟಿಂಗ್ ಮೇಲೆ ಎರಡೇ ಜ್ಯಾಕ್ ಸಾಕು. ವಾರವಾರ ಚೂರುಚೂರೇ ಎತ್ತಿ, ಆಮೇಲೆ ಕೊಯ್ದ ಜಂತಿಗೆ ಪಕ್ಕದಲ್ಲಿ ಹೊಸದನ್ನು ಜೋಡಿಸಿ ಬೋಲ್ಟ್ ಹಾಕಿ. ಗಡಿಬಿಡಿಯಲ್ಲಿ ಎತ್ತಿದರೆ ಗೋಡೆ ಬಿರುಕು ಬಿಡುತ್ತದೆ, ಟೈಲ್ಸ್ ಒಡೆಯುತ್ತದೆ.

ಮೊನ್ನೆ ಮತ್ತೆ ಅವನದೇ ಫೋನ್. 'ನಾಳೆಗೆ ಇಲ್ಲ' ಅಂದಿದ್ದ ಡಿಸ್ಕೌಂಟ್ ಇನ್ನೂ ಇದೆಯಂತೆ. ಈ ಸಲ ಇನ್ನೂ ಜಾಸ್ತಿಯಂತೆ!